ಅಭಿಜ್ಞಾನ ಮುದ್ರೆ: ಪ್ರತಿಕಾಯ ವಿದ್ಯೆಯ ಇತಿಹಾಸವೂ ಘಟ್ಟದ ಮಂಗನ ಕಾಯಿಲೆಯೂ

ಲಂಕೆಯ ಅಶೋಕವನದಲ್ಲಿ ಸೀತಾದೇವಿಯ ಮುಂದೆ ನಿಂತ ವಾನರನು ರಾಮದೂತನೋ ರಾಕ್ಷಸರ ಮಾಯೆಯೋ ಎಂಬ ಸಂದೇಹವನ್ನು ಕಡೆಗೆ ಪರಿಹರಿಸಿದ್ದು ರಾಮನಾಮಾಂಕಿತವಾದ ಒಂದು ಉಂಗುರವು. ದುಷ್ಯಂತನ ಆಸ್ಥಾನದಲ್ಲಿ ಶಕುಂತಲೆಯು ಅಪರಿಚಿತೆಯಾಗಿ ನಿಲ್ಲಬೇಕಾಗಿ ಬಂದದ್ದು ಅಂಥದೇ ಒಂದು ಉಂಗುರವು ಕಳೆದುಹೋದದ್ದರಿಂದ. ಇಂಥ ಗುರುತಿನ ವಸ್ತುವಿಗೆ ಪೂರ್ವಿಕರು ಅಭಿಜ್ಞಾನವೆಂದು ಹೆಸರಿಟ್ಟರು. ಅಭಿಜ್ಞಾನವು ಸಾರ್ಥಕವಾಗಬೇಕಾದರೆ ಎರಡು ಸಂಗತಿಗಳು ಕೂಡಿಬರಬೇಕು. ಮುದ್ರೆಯು ಬೇರೆಲ್ಲಿಯೂ ದೊರೆಯದಂಥದಾಗಿರಬೇಕು. ಅದನ್ನು ನೋಡುವವನು ಅದೊಂದನ್ನೇ ತಪ್ಪದೆ ಬಲ್ಲವನಾಗಿರಬೇಕು. ಕಣ್ಣಿಗೆ ಕಾಣದ ಸೂಕ್ಷ್ಮ ವಸ್ತುಗಳನ್ನು ಗುರುತಿಸುವದಕ್ಕೆಂದು ೧೮೯೦ರಿಂದ ಈಚೆಗೆ ಬೆಳೆದುಬಂದ ಪ್ರತಿಕಾಯ ವಿದ್ಯೆಯ ಇತಿಹಾಸವು ಈ ಎರಡು ಸಂಗತಿಗಳನ್ನು ಸಾಧಿಸುವ ಪ್ರಯತ್ನದ ಇತಿಹಾಸವೇ ಆಗಿದೆ.

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಜನರಿಗೆ ಈ ಇತಿಹಾಸವು ದೂರದ ಮಾತಲ್ಲ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ, ನಡುವೆ ಗದ್ದೆ ತೋಟಗಳು. ತೋಟಕ್ಕೆ ಸೊಪ್ಪು ತರುವದಕ್ಕೂ, ದರಕು ಗುಡಿಸುವದಕ್ಕೂ, ಸೌದೆ ಕೂಡಿಸುವದಕ್ಕೂ, ದನ ಮೇಯಿಸುವದಕ್ಕೂ ಘಟ್ಟದ ಬುಡದ ಕಾಡನ್ನು ಹೊಗದೆ ಇಲ್ಲಿಯ ಒಕ್ಕಲುತನವು ಸಾಗದು. ಡಿಸೆಂಬರದಿಂದ ಮೇ ತಿಂಗಳ ವರೆಗಿನ ಕಾಲದಲ್ಲಿ ಆ ಕಾಡಿನಿಂದ ಮರಳಿದವನಿಗೆ ಒಮ್ಮೆಲೆ ಜ್ವರವೂ ತಲೆಶೂಲೆಯೂ ಮೈಕೈ ನೋವೂ ಹಿಡಿದರೆ, ಮನೆಯವರ ಮನಸ್ಸಿನಲ್ಲಿ ಏಳುವ ಪ್ರಶ್ನೆಯು ಒಂದೇ: ಇದು ಮಂಗನ ಕಾಯಿಲೆಯೇ? ಡೆಂಗ್ಯೂ, ಇಲಿಜ್ವರ, ಮಲೇರಿಯ, ವಿಷಮಶೀತ ಜ್ವರ ಇವೆಲ್ಲವೂ ಆರಂಭದಲ್ಲಿ ಬಹುಮಟ್ಟಿಗೆ ಒಂದೇ ಮುಖದವು. ಕೈ ಮುಟ್ಟಿ ನಾಡಿ ನೋಡಿದ ಮಾತ್ರಕ್ಕೆ ಅವುಗಳ ಭೇದವು ತಿಳಿಯದು. ಭೇದವನ್ನು ಹೇಳತಕ್ಕದ್ದು ರೋಗಿಯ ರಕ್ತ. ಆ ರಕ್ತವನ್ನು ಪ್ರಶ್ನಿಸುವ ಬಗೆಯನ್ನು ಕಲಿಸಿದ ವಿದ್ಯೆಗಳಲ್ಲಿ ಹಿರಿದಾದದ್ದು ಪ್ರತಿಕಾಯ ವಿದ್ಯೆ.

ಈ ಕಾಯಿಲೆಯು ಮೊದಲು ಬೆಳಕಿಗೆ ಬಂದದ್ದು ೧೯೫೭ರ ಮಾರ್ಚಿನಲ್ಲಿ. ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ರಾಜ್ಯದಿಂದ ಬಿಡಿಸಲ್ಪಟ್ಟು ೧೯೫೬ರ ನವೆಂಬರ ೧ರಂದು ಮೈಸೂರು ರಾಜ್ಯವನ್ನು ಸೇರಿ ಆಗ ಐದು ತಿಂಗಳೂ ತುಂಬಿರಲಿಲ್ಲ. ಘಟ್ಟದ ಮೇಲೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ, ಕೋಡಗ ಎರಡು ಜಾತಿಯ ಮಂಗಗಳೂ ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಮನುಷ್ಯರೂ ಜ್ವರದಿಂದ ಮಲಗಿದರು. ಕೆಲವರಿಗೆ ಮೂಗು ಒಸಡುಗಳಿಂದ ರಕ್ತವು ಒಸರಿತು. ಜನರ ಜ್ವರವನ್ನು ಮೊದಲು ವಿಷಮಶೀತ ಜ್ವರವೆಂದು ಎಣಿಸಲಾಯಿತು. ಮಂಗಗಳ ಸಾವಿನ ಸುದ್ದಿಯು ಬಂದ ಮೇಲೆ ಮತ್ತೊಂದು ಭಯವು ಹುಟ್ಟಿತು. ಆಫ್ರಿಕ ಹಾಗೂ ದಕ್ಷಿಣ ಅಮೇರಿಕ ಖಂಡಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಹಳದಿ ಜ್ವರವು ಹಿಂದೂಸ್ಥಾನಕ್ಕೆ ಎಂದೂ ಕಾಲಿಟ್ಟಿರಲಿಲ್ಲ, ಈಗ ಕಾಲಿಟ್ಟಿತೇ? ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯೂ ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಕೂಡಿ ೧೯೫೨ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ವೈರಸ್ ಸಂಶೋಧನ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮೊದಲಾದವರು ಕಾಡಿಗೆ ಬಂದರು. ಸತ್ತ ಮಂಗಗಳ ಅವಯವಗಳಿಂದಲೂ ರೋಗಿಗಳ ರಕ್ತದಿಂದಲೂ ಎಳೆಯ ಇಲಿಗಳಲ್ಲಿ ವೈರಸ್ಸನ್ನು ಬೆಳೆಯಿಸಿ ತೆಗೆದರು. ಅದನ್ನು ಹೊತ್ತು ತರುವದು ಕಾಡಿನ ಉಣುಗು ಎಂದೂ ಕಂಡುಕೊಂಡರು. ಆದರೆ ಇಲಿಯನ್ನು ಕೊಂದ ವಸ್ತುವಿನ ಹೆಸರೇನು? ಅದನ್ನು ತಿಳಿಯುವದಕ್ಕೆ ಸಾಕ್ಷಿಯು ಬೇಕು. ಆ ಸಾಕ್ಷಿಯ ಹುಟ್ಟನ್ನು ತಿಳಿಯಬೇಕಾದರೆ ಆರೂವರೆ ದಶಕಗಳಷ್ಟು ಹಿಂದೆ ಹೋಗಬೇಕು.

೧೮೯೦ರಲ್ಲಿ ಬರ್ಲಿನ್ ನಗರದಲ್ಲಿ ಎಮಿಲ್ ಬೇರಿಂಗ್ ಎಂಬ ಜರ್ಮನನೂ ಶಿಬಾಸಾಬುರೋ ಕಿಟಾಸಾಟೋ ಎಂಬ ಜಪಾನಿ ವಿದ್ವಾಂಸನೂ ಒಂದು ಆಶ್ಚರ್ಯವನ್ನು ಪ್ರಕಟಿಸಿದರು. ಧನುರ್ವಾಯುವಿನ ವಿಷವನ್ನು ಸ್ವಲ್ಪಸ್ವಲ್ಪವಾಗಿ ಸಹಿಸಿ ಬದುಕಿದ ಪ್ರಾಣಿಯ ರಕ್ತದ ತಿಳಿನೀರನ್ನು, ಅಂದರೆ ಸೀರಮ್ಮನ್ನು, ಬೇರೊಂದು ಪ್ರಾಣಿಗೆ ಚುಚ್ಚಿದರೆ ಆ ಪ್ರಾಣಿಗೂ ವಿಷವು ಏರುವದಿಲ್ಲ. ಗಂಟಲಮಾರಿಯ ವಿಷಕ್ಕೂ ಇದೇ ನ್ಯಾಯವು ಸಲ್ಲುವದೆಂದು ಕಂಡಿತು. ಆದರೆ ಒಂದು ವಿಷಕ್ಕೆ ಪಳಗಿದ ಸೀರಮ್ಮು ಮತ್ತೊಂದು ವಿಷವನ್ನು ತಡೆಯದು. ಸೀರಮ್ಮಿನಲ್ಲಿ ಹೀಗೆ ಪಳಗಿದ ವಸ್ತುವಿಗೇ ಪ್ರತಿಕಾಯವೆಂದು ಹೆಸರು. ಅದು ಎರಡು ತೋಳುಗಳುಳ್ಳ ಕವಲುಕೋಲಿನ ಆಕೃತಿಯ ಒಂದು ಪ್ರೋಟೀನು. ತೋಳುಗಳ ತುದಿಯು ಪರವಸ್ತುವಿನ ಮೈಮೇಲಿನ ಒಂದು ಚಿಕ್ಕ ಭಾಗಕ್ಕೆ ಕೀಲಿಗೆ ಕೈ ಹೊಂದುವಂತೆ ಹೊಂದಿಕೊಳ್ಳುವದು. ರಕ್ಷಣೆಗಾಗಿ ಹುಟ್ಟಿದ ಈ ವಸ್ತುವು ಗುರುತು ಹೇಳುವದಕ್ಕೂ ಬಂದೀತೆಂಬದು ಬೇಗನೆ ತಿಳಿಯಿತು. ತಿಳಿದ ಸೀರಮ್ಮಿನಿಂದ ತಿಳಿಯದ ವೈರಸ್ಸನ್ನೂ, ತಿಳಿದ ವೈರಸ್ಸಿನಿಂದ ತಿಳಿಯದ ಸೀರಮ್ಮನ್ನೂ ಪರೀಕ್ಷಿಸಬಹುದಾಯಿತು.

ಪುಣೆಯ ಕೇಂದ್ರದವರು ೧೯೫೭ರಲ್ಲಿ ಮಾಡಿದ್ದು ಇದನ್ನೇ. ಕೆಲವು ವೈರಸ್ಸುಗಳು ಪಕ್ಷಿಯ ರಕ್ತಕಣಗಳನ್ನು ಗಂಟುಕಟ್ಟಿಸುವವು. ತಕ್ಕ ಪ್ರತಿಕಾಯವಿದ್ದರೆ ಗಂಟುಕಟ್ಟುವದಿಲ್ಲ. ಇಂಥ ಪರೀಕ್ಷೆಗಳಲ್ಲಿ ಕ್ಯಾಸನೂರಿನ ವೈರಸ್ಸನ್ನು ಪ್ರಪಂಚದ ನಾನಾ ವ್ಯಾಧಿಗಳ ಸೀರಮ್ಮುಗಳ ಎದುರಿಗೆ ನಿಲ್ಲಿಸಿದಾಗ, ಹಳದಿ ಜ್ವರವಲ್ಲವೆಂಬದು ನಿಶ್ಚಯವಾಯಿತು. ಆದರೆ ಅನಿರೀಕ್ಷಿತವಾದ ಒಂದು ಸಾಕ್ಷಿಯು ಎದ್ದು ನಿಂತಿತು. ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಹರಡುವ ವಸಂತ-ಗ್ರೀಷ್ಮ ಮಿದುಳುಜ್ವರದ ಸೀರಮ್ಮು ಈ ವೈರಸ್ಸನ್ನು ತನ್ನದೆಂದು ಹಿಡಿಯಿತು. ಸೈಬೀರಿಯದ ಬಂಧುವು ಸೊರಬದ ಕಾಡಿಗೆ ಬಂದ ಬಗೆ ಹೇಗೆ? ಚಳಿಗಾಲದಲ್ಲಿ ಉತ್ತರದಿಂದ ಬರುವ ಹಕ್ಕಿಗಳು ಉಣುಗುಗಳನ್ನು ಹೊತ್ತು ತಂದಿರಬಹುದೆಂಬ ಊಹೆಯು ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿ ನಿಸರ್ಗ ಇತಿಹಾಸ ಸಂಘದವರು ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಬಿಡುವ ಕಾರ್ಯವನ್ನು ಕೈಕೊಂಡದ್ದಕ್ಕೆ ಇದು ಒಂದು ಕಾರಣವಾಯಿತು. ಇಲ್ಲಿಯೂ ಉಂಗುರವೇ ಅಭಿಜ್ಞಾನ!

ಆ ಸೀರಮ್ಮಿನ ಸಾಕ್ಷಿಯು ಸುಳ್ಳಾಗಿರಲಿಲ್ಲ; ಆದರೆ ಸಾಲದಾಗಿತ್ತು. ತರ್ಕಶಾಸ್ತ್ರವನ್ನು ಓದಿದವರು ಲಕ್ಷಣದ ದೋಷಗಳನ್ನು ಬಲ್ಲರು. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಹಸುವಾದೀತು, ಇದು ಅತಿವ್ಯಾಪ್ತಿ. ಕಪಿಲವರ್ಣದ್ದು ಹಸು ಎಂದರೆ ಬಿಳಿಯ ಹಸುವು ಹೊರಗುಳಿದೀತು, ಇದು ಅವ್ಯಾಪ್ತಿ. ಗಂಗೆದೊಗಲುಳ್ಳದ್ದು ಹಸು ಎಂದಾಗ ಮಾತ್ರ ಲಕ್ಷಣವು ನಿರ್ದುಷ್ಟವು. ಪ್ರಾಣಿಯ ಸೀರಮ್ಮಿನಲ್ಲಿ ಪ್ರತಿಕಾಯವು ಒಂದೇ ಅಲ್ಲ. ವೈರಸ್ಸಿನ ಮೈಯ ಬೇರೆ ಬೇರೆ ಭಾಗಗಳನ್ನು ಹಿಡಿಯುವ ನೂರಾರು ಪ್ರತಿಕಾಯಗಳು ಅದರಲ್ಲಿ ಬೆರೆತಿರುವವು. ಅವುಗಳಲ್ಲಿ ಕೆಲವು ಕುಲಕ್ಕೆಲ್ಲ ಸಾಮಾನ್ಯವಾದ ಲಕ್ಷಣವನ್ನು ಹಿಡಿದರೆ, ಬಂಧುಗಳೆಲ್ಲರನ್ನೂ ಒಬ್ಬನೆಂದೇ ಹೇಳುವವು. ಇಡಗುಂಜಿಯ ರಥೋತ್ಸವದ ಸಂದಣಿಯಲ್ಲಿ ‘ಗಣಪತೀ’ ಎಂದು ಕೂಗಿದರೆ ಹತ್ತಾರು ಜನರು ತಿರುಗಿ ನೋಡುವಂತೆ ಇದೂ ಒಂದು. ಈ ಅತಿವ್ಯಾಪ್ತಿಯು ಪುಸ್ತಕದ ದೋಷವಾಗಿ ಉಳಿಯಲಿಲ್ಲ. ಎರಡೂ ಒಂದೇ ಕುಲವೆಂಬ ನೆಚ್ಚಿಕೆಯಿಂದ ರಷ್ಯದ ಜ್ವರಕ್ಕೆಂದು ಸಿದ್ಧವಾಗಿದ್ದ ಲಸಿಕೆಯನ್ನು ಮಲೆನಾಡಿನ ಜನರಿಗೆ ಹಾಕಿ ನೋಡಲಾಯಿತು. ಗಣನೀಯವಾದ ರಕ್ಷಣೆಯು ದೊರೆಯಲಿಲ್ಲ. ಕುಲವನ್ನು ಗುರುತಿಸಿದ ಮಾತ್ರಕ್ಕೆ ವ್ಯಕ್ತಿಯನ್ನು ಗುರುತಿಸಿದಂತಾಗಲಿಲ್ಲ. ಮುಂದೆ ಈ ವೈರಸ್ಸು ರಷ್ಯದ್ದಕ್ಕಿಂತ ಬೇರೆಯಾದದ್ದೆಂದೂ, ೧೯೯೦ರ ದಶಕದಲ್ಲಿ ಅರಬಸ್ಥಾನದ ಜಿದ್ದಾದಲ್ಲಿ ದೊರೆತ ಅಲ್‌ಖುರ್ಮಾ ವೈರಸ್ಸಿಗೆ ಅತ್ಯಂತ ಹತ್ತಿರದ್ದೆಂದೂ ತಿಳಿದುಬಂದಿತು.

ಏತನ್ಮಧ್ಯೆ ಪಶ್ಚಿಮದ ಪ್ರಯೋಗಶಾಲೆಗಳಲ್ಲಿ ಎರಡು ಕೆಲಸಗಳು ನಡೆದಿದ್ದವು. ಮೊದಲನೆಯದು ಸಾಕ್ಷಿಯ ಮಾತು ಕಣ್ಣಿಗೆ ಕಾಣುವಂತೆ ಮಾಡುವದು. ೧೯೪೧ರಲ್ಲಿ ಅಮೇರಿಕದ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಕಟ್ಟಿ, ಅದು ಎಲ್ಲಿ ಅಂಟಿತೆಂಬದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ೧೯೭೧ರಲ್ಲಿ ಸ್ವೀಡನ್ ದೇಶದ ಎವಾ ಎಂಗ್ವಾಲ್, ಪೀಟರ್ ಪರ್ಲ್‌ಮನ್ ಇವರು ಬಣ್ಣದ ಬದಲು ಕಿಣ್ವವನ್ನು ಕಟ್ಟಿದರು. ಕಿಣ್ವವು ತಿಳಿನೀರಿಗೆ ಬಣ್ಣ ಬರಿಸುವದು. ಬಣ್ಣದ ಗಾಢತೆಯಿಂದ ವಸ್ತುವಿನ ಪ್ರಮಾಣವೂ ತಿಳಿಯುವದು. ಇದೇ ಎಲಿಸಾ ಎಂದು ಇಂದು ಪ್ರಸಿದ್ಧವಾದ ಪರೀಕ್ಷೆ.

ಎರಡನೆಯದು ಇದಕ್ಕಿಂತ ಕಠಿಣವಾದದ್ದು: ನೂರು ಬಾಯಿಗಳ ಸೀರಮ್ಮಿನ ಬದಲು ಒಂದೇ ಬಾಯಿಯ ಸಾಕ್ಷಿಯನ್ನು ಪಡೆಯುವದು. ದೇಹದಲ್ಲಿ ಒಂದೊಂದು ರಕ್ಷಕ ಜೀವಕೋಶವು ಒಂದೇ ಬಗೆಯ ಪ್ರತಿಕಾಯವನ್ನು ತಯಾರಿಸುವದು. ಅಂಥ ಒಂದು ಕೋಶವನ್ನು ಹೊರತೆಗೆದು ಬೆಳೆಯಿಸಿದರೆ ಕೆಲಸವಾಯಿತು. ಆದರೆ ಗಾಜಿನ ಪಾತ್ರೆಯಲ್ಲಿ ಅದು ಕೆಲವೇ ದಿನಗಳಲ್ಲಿ ಸಾಯುವದು. ಅರ್ಬುದ ರೋಗದ ಕೋಶವಾದರೋ ಪಾತ್ರೆಯಲ್ಲಿ ಅಮರವಾದಂತೆ ಬೆಳೆಯುವದು. ಆದರೆ ಅದು ಬೇಕಾದ ಪ್ರತಿಕಾಯವನ್ನು ಕೊಡದು. ಇಂಗ್ಲಂಡದ ಕೇಂಬ್ರಿಜ್‌ನಲ್ಲಿ ಅರ್ಜೆಂಟೀನ ದೇಶದಿಂದ ಬಂದು ನೆಲೆಸಿದ್ದ ಸೀಸರ್ ಮಿಲ್‌ಸ್ಟೀನ್, ಆತನ ಬಳಿ ಕೆಲಸಕ್ಕೆ ಬಂದಿದ್ದ ಜರ್ಮನ್ ತರುಣ ಗಿಯೋರ್ಗ್ ಕೋಲರ್ ಇವರಿಬ್ಬರೂ ಈ ಎರಡು ಕೋಶಗಳನ್ನು ಒಂದುಗೂಡಿಸಿದರು. ಕುರಿಯ ರಕ್ತಕಣಗಳನ್ನು ಚುಚ್ಚಿದ ಇಲಿಯ ಗುಲ್ಮದಿಂದ ಕೋಶಗಳನ್ನು ತೆಗೆದು ಅರ್ಬುದದ ಕೋಶಗಳೊಡನೆ ಬೆಸೆದು, ವಿಶೇಷವಾದ ಒಂದು ಪೋಷಕ ದ್ರವದಲ್ಲಿ ಇಟ್ಟರು. ಆ ದ್ರವದಲ್ಲಿ ಬೆಸೆಯದ ಅರ್ಬುದಕೋಶವು ಸಾಯುವದು. ಬೆಸೆಯದ ಗುಲ್ಮಕೋಶವು ತಾನಾಗಿಯೇ ಸಾಯುವದು. ಕೂಡಿದ್ದು ಮಾತ್ರ ಬದುಕುವದು. ಬದುಕಿದವುಗಳನ್ನು ಒಂದೊಂದಾಗಿ ಬೇರ್ಪಡಿಸಿ ಬೆಳೆಯಿಸಿದರೆ ಒಂದೊಂದರ ಸಂತಾನವೂ ಒಂದೇ ಪ್ರತಿಕಾಯವನ್ನು ಕೊಡುತ್ತ ಹೋಗುವದು. ಇದೇ ಏಕವಂಶೀಯ, ಅಂದರೆ ಮೋನೋಕ್ಲೋನಲ್, ಪ್ರತಿಕಾಯ. ೧೯೭೫ರ ಆಗಸ್ಟಿನಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ವಿಧಾನಕ್ಕೆ ಏಕಸ್ವಾಮ್ಯದ ಹಕ್ಕನ್ನು ಯಾರೂ ಪಡೆಯಲಿಲ್ಲ. ಮಿಲ್‌ಸ್ಟೀನನು ಕೇಳಿದ ವಿದ್ವಾಂಸರಿಗೆ ಕೋಶಗಳನ್ನು ಕಳಿಸಿಕೊಟ್ಟನು. ೧೯೮೪ರಲ್ಲಿ ಇಬ್ಬರಿಗೂ ನೀಲ್ಸ್ ಯೆರ್ನೆ ಎಂಬ ಮೂರನೆಯ ಪಂಡಿತನೊಡನೆ ನೊಬೆಲ್ ಪಾರಿತೋಷಕವು ದೊರೆಯಿತು.

ಸಾಕ್ಷಿಯು ಒಂದೇ ಬಾಯಿಯದಾಯಿತು. ಇನ್ನು ಮುದ್ರೆಯ ವಿಚಾರ. ಒಂದು ಜೀವಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳಿರುವವು. ಅವುಗಳಲ್ಲಿ ಒಂದು ಎಲ್ಲಿದೆ, ಎಷ್ಟಿದೆ, ಯಾವದರೊಡನೆ ಕೂಡಿದೆ ಎಂದು ತಿಳಿಯಬೇಕಾದರೆ ಅದಕ್ಕೆಂದೇ ಒಂದು ಪ್ರತಿಕಾಯವನ್ನು ತಿಂಗಳುಗಟ್ಟಲೆ ದುಡಿದು ಸಿದ್ಧಪಡಿಸಬೇಕು. ಅದೂ ಫಲಿಸುವದೆಂಬ ನೆಚ್ಚಿಕೆಯಿಲ್ಲ. ೧೯೮೪ರಲ್ಲಿ ಅದೇ ಕೇಂಬ್ರಿಜ್ ಸಂಸ್ಥೆಯ ಶಾನ್ ಮನ್ರೋ, ಹ್ಯೂ ಪೆಲ್‌ಹ್ಯಾಮ್ ಇವರು ಪ್ರಶ್ನೆಯನ್ನೇ ತಿರುಗಿಸಿದರು. ವಸ್ತುವಿಗೆ ತಕ್ಕ ಸಾಕ್ಷಿಯನ್ನು ಹುಡುಕುವ ಬದಲು, ಇರುವ ಸಾಕ್ಷಿಗೆ ಪರಿಚಿತವಾದ ಮುದ್ರೆಯನ್ನು ವಸ್ತುವಿಗೇ ತೊಡಿಸಿದರೆ ಹೇಗೆ? ಮಿಲ್‌ಸ್ಟೀನನೂ ಆತನ ಸಂಗಡಿಗರೂ ೧೯೭೯ರಲ್ಲಿ ‘ಸಬ್‌ಸ್ಟನ್ಸ್ ಪಿ’ ಎಂಬ ನರವಸ್ತುವಿಗೆ ಒಂದು ಏಕವಂಶೀಯ ಪ್ರತಿಕಾಯವನ್ನು ಪ್ರಕಟಿಸಿದ್ದರು. ಮನ್ರೋ ಮತ್ತು ಪೆಲ್‌ಹ್ಯಾಮರು ಆ ನರವಸ್ತುವಿನ ಒಂದು ತುಂಡನ್ನು ಹಣ್ಣಿನ ನೊಣದ ಒಂದು ಪ್ರೋಟೀನಿನ ಬಾಲಕ್ಕೆ ವಂಶಸೂತ್ರದ ಮಟ್ಟದಲ್ಲಿಯೇ ಜೋಡಿಸಿದರು. ಜೀವಕೋಶವು ಆ ಪ್ರೋಟೀನನ್ನು ಹೆತ್ತಾಗ ಮುದ್ರೆಯ ಸಮೇತವಾಗಿಯೇ ಹೆತ್ತಿತು. ಪ್ರತಿಕಾಯವು ಅದನ್ನು ಹುಡುಕಿ ಹಿಡಿಯಿತು.

ವ್ಯಾಕರಣವನ್ನು ಬಲ್ಲವರಿಗೆ ಈ ಉಪಾಯವು ಹೊಸದಾಗಿ ತೋರದು. ‘ಕೃ’ ಎಂಬ ಧಾತುವನ್ನು ಧಾತುಪಾಠದಲ್ಲಿ ‘ಡುಕೃಞ್’ ಎಂದು ಓದಲಾಗಿದೆ. ಮೊದಲಿನ ‘ಡು’, ಕಡೆಯ ‘ಞ್’ ಇವು ಧಾತುವಿನ ಅಂಗಗಳಲ್ಲ, ಅವು ಅನುಬಂಧಗಳು. ಧಾತುವನ್ನು ಗುರುತಿಸಿ ಯಾವ ಕಾರ್ಯವು ಸಲ್ಲುವದೆಂದು ಹೇಳುವದಷ್ಟೇ ಅವುಗಳ ಕೆಲಸ. ಪ್ರಯೋಗದಲ್ಲಿ ಅವು ಲೋಪವಾಗುವವು. ಪ್ರೋಟೀನಿಗೆ ಕಟ್ಟುವ ಮುದ್ರೆಯೂ ಇಂಥ ಅನುಬಂಧವೇ. ಪ್ರೋಟೀನು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳೆಂಬ ಅಕ್ಷರಗಳ ಮಾಲೆ. ಇನ್‌ಫ್ಲುಯೆಂಜಾ ವೈರಸ್ಸಿನಿಂದ ತೆಗೆದ ೯ ಅಕ್ಷರಗಳ ‘ಎಚ್.ಎ.’ ಮುದ್ರೆಯೂ, ಮನುಷ್ಯನದೇ ಒಂದು ಪ್ರೋಟೀನಿನಿಂದ ತೆಗೆದ ೧೦ ಅಕ್ಷರಗಳ ‘ಮಿಕ್’ ಮುದ್ರೆಯೂ ಬಳಕೆಗೆ ಬಂದವು. ೧೯೮೮ರಲ್ಲಿ ಅಮೇರಿಕದ ಸಿಯಾಟಲ್ ಪಟ್ಟಣದ ಇಮ್ಯುನೆಕ್ಸ್ ಸಂಸ್ಥೆಯವರು ೮ ಅಕ್ಷರಗಳ ‘ಫ್ಲ್ಯಾಗ್’ ಮುದ್ರೆಯನ್ನು ಕೇವಲ ಇದಕ್ಕಾಗಿಯೇ ರಚಿಸಿದರು. ಅದರ ಕಡೆಯ ಅಕ್ಷರಗಳು ಎಂಟರೋಕೈನೇಸ್ ಎಂಬ ಕಿಣ್ವವು ಕತ್ತರಿಸುವ ಸ್ಥಾನವೂ ಆಗಿವೆ. ಆದ್ದರಿಂದ ಕೆಲಸ ಮುಗಿದ ಮೇಲೆ, ಮುದ್ರೆಯನ್ನು ಪ್ರೋಟೀನಿನ ತಲೆಗೆ ಕಟ್ಟಿದ್ದರೆ, ಅನುಬಂಧದಂತೆಯೇ ಲೋಪ ಮಾಡಬಹುದು.

ಪರೀಕ್ಷೆಯ ಕ್ರಮವು ಹೀಗಿರುವದು. ಕೋಶಗಳನ್ನು ಒಡೆದು, ಅವುಗಳ ಪ್ರೋಟೀನುಗಳನ್ನು ಅಂಟಿನಂಥ ಹಾಳೆಯಲ್ಲಿ ವಿದ್ಯುತ್ತಿನಿಂದ ಓಡಿಸುವರು. ಚಿಕ್ಕವು ಮುಂದೆ, ದೊಡ್ಡವು ಹಿಂದೆ ನಿಲ್ಲುವವು. ಅವನ್ನು ಅದೇ ಸಾಲಿನಲ್ಲಿ ತೆಳುವಾದ ಪೊರೆಯ ಮೇಲೆ ಇಳಿಸುವರು. ಈ ಬಗೆಯು ೧೯೭೯ರಲ್ಲಿ ಬಳಕೆಗೆ ಬಂದಿತು. ಪೊರೆಯ ತೆರಪುಗಳನ್ನು ಹಾಲಿನ ಪುಡಿಯ ನೀರಿನಿಂದ ಮುಚ್ಚಿ, ಏಕವಂಶೀಯ ಪ್ರತಿಕಾಯವನ್ನು ಹಾಕಿ, ಅಂಟದ್ದನ್ನು ತೊಳೆದು, ಮೊದಲಿನ ಪ್ರತಿಕಾಯವನ್ನೇ ಹಿಡಿಯುವ ಕಿಣ್ವಸಹಿತವಾದ ಎರಡನೆಯ ಪ್ರತಿಕಾಯವನ್ನು ಹಾಕುವರು. ಮುದ್ರೆಯಿದ್ದ ಕಡೆ ಒಂದು ಗೆರೆಯು ಮೂಡುವದು. ಪಕ್ಕದಲ್ಲಿ ಮುದ್ರೆಯನ್ನು ತೊಡಿಸದ ಕೋಶಗಳ ಸಾಲನ್ನೂ ಓಡಿಸಬೇಕು. ಆ ಸಾಲಿನಲ್ಲಿಯೂ ಅಂಥದೇ ಗೆರೆಯು ಮೂಡಿದರೆ ಸಾಕ್ಷಿಯು ಕೆಟ್ಟಿತೆಂದು ತಿಳಿಯಬೇಕು. ಏಕವಂಶೀಯವಾದ ಮಾತ್ರಕ್ಕೆ ದೋಷವು ತೊಲಗಲಿಲ್ಲ. ಮಿಕ್ ಮುದ್ರೆಯ ಪ್ರತಿಕಾಯವು ಮನುಷ್ಯಕೋಶದ ಸ್ವಂತ ಮಿಕ್ ಪ್ರೋಟೀನನ್ನೂ ಹಿಡಿಯುವದು, ಇದು ಅತಿವ್ಯಾಪ್ತಿ. ಪ್ರೋಟೀನು ಮಡಿಚಿಕೊಂಡಾಗ ಮುದ್ರೆಯು ಒಳಗೆ ಹುದುಗಿದರೆ ಇದ್ದದ್ದೂ ಕಾಣದು, ಇದು ಅವ್ಯಾಪ್ತಿ. ಮೀನಿನ ಹೊಟ್ಟೆಯಲ್ಲಿದ್ದ ಉಂಗುರವು ಶಕುಂತಲೆಯ ಉಪಯೋಗಕ್ಕೆ ಬಾರದಿದ್ದಂತೆಯೇ.

ಈ ವಿದ್ಯೆಯು ಈಗ ಕರಾವಳಿಯ ಪೇಟೆಗಳಿಗೂ ಬಂದು ಸೇರಿದೆ. ಭಟ್ಕಳದ ಔಷಧದಂಗಡಿಯಲ್ಲಿ ದೊರೆಯುವ ಗರ್ಭಪರೀಕ್ಷೆಯ ಪಟ್ಟಿಯಲ್ಲಿ ಮೂಡುವ ಗೆರೆಯೂ, ಡೆಂಗ್ಯೂ ಮಲೇರಿಯಗಳನ್ನು ಕೆಲವು ನಿಮಿಷಗಳಲ್ಲಿ ತಿಳಿಸುವ ಪಟ್ಟಿಗಳ ಗೆರೆಯೂ ಏಕವಂಶೀಯ ಪ್ರತಿಕಾಯಗಳ ಕೆಲಸವೇ. ಮಂಗನ ಕಾಯಿಲೆಯ ಪರೀಕ್ಷೆಯು ಮಾತ್ರ ಇಷ್ಟು ಸುಲಭವಾಗಲಿಲ್ಲ. ೧೯೫೭ರಲ್ಲಿ ೪೬೬ ಜನರಲ್ಲಿ ಕಂಡ ಆ ವ್ಯಾಧಿಯು ಮುಂದಿನ ದಶಕಗಳಲ್ಲಿ ಘಟ್ಟವನ್ನಿಳಿದು ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳಿಗೆ ಹಬ್ಬಿತು. ಹೊನ್ನಾವರ, ಕುಮಟಾ, ಭಟ್ಕಳಗಳ ಕಾಡಂಚಿನ ಹಳ್ಳಿಗಳೂ ಅದರ ಕೈಗೆ ಸಿಕ್ಕಿದವು. ವೈರಸ್ಸನ್ನು ಇಲಿಗಳಲ್ಲಿ ಬೆಳೆಯಿಸಿ ನೋಡುವ ಹಳೆಯ ಬಗೆಗೆ ದಿನಗಳು ಹಿಡಿಯುತ್ತಿದ್ದವು. ಫಲಿತಾಂಶವು ಬರುವದರೊಳಗೆ ರೋಗಿಯು ಗುಣವಾಗಿರುತ್ತಿದ್ದನು, ಇಲ್ಲವೆ ತೀರಿಹೋಗಿರುತ್ತಿದ್ದನು. ೧೯೭೮ರಿಂದ ರಾಷ್ಟ್ರೀಯ ವೈರಾಣು ಸಂಸ್ಥೆಯೆಂಬ ಹೆಸರು ಪಡೆದ ಪುಣೆಯ ಅದೇ ಕೇಂದ್ರದವರು ೨೦೧೨ರಲ್ಲಿ ಎರಡು ಬಗೆಯ ಶೀಘ್ರ ಪರೀಕ್ಷೆಗಳನ್ನು ಪ್ರಕಟಿಸಿದರು. ಜ್ವರದ ಮೊದಲ ದಿನಗಳಲ್ಲಿ ವೈರಸ್ಸಿನ ವಂಶದ್ರವ್ಯವನ್ನೇ ಹುಡುಕುವ ಪಿ.ಸಿ.ಆರ್. ಒಂದು, ಅನಂತರದ ದಿನಗಳಲ್ಲಿ ರೋಗಿಯ ದೇಹವೇ ತಯಾರಿಸಿದ ಐ.ಜಿ.ಎಂ. ಎಂಬ ಪ್ರತಿಕಾಯವನ್ನು ಹುಡುಕುವ ಎಲಿಸಾ ಮತ್ತೊಂದು. ಎರಡನೆಯದರಲ್ಲಿ ಚಿಕ್ಕ ಬಟ್ಟಲಿನ ತಳಕ್ಕೆ ಅಂಟಿಸಿದ ಪ್ರತಿಕಾಯವು ರೋಗಿಯ ಐ.ಜಿ.ಎಮ್ಮನ್ನು ಹಿಡಿಯುವದು, ಅದು ತನಗೆ ಪರಿಚಿತವಾದ ನಿರ್ಜೀವ ವೈರಸ್ಸನ್ನು ಹಿಡಿಯುವದು, ವೈರಸ್ಸನ್ನು ಗುರುತು ಕಟ್ಟಿದ ಮತ್ತೊಂದು ಪ್ರತಿಕಾಯವು ಹಿಡಿಯುವದು. ಹೀಗೆ ಕೈಗೆ ಕೈ ಕೂಡಿದ ಸರಪಳಿಯು ಪೂರ್ಣವಾದರೆ ಮಾತ್ರ ಬಣ್ಣವೇರುವದು. ಶಿವಮೊಗ್ಗದ ವೈರಸ್ ಪರಿಶೋಧನಾಲಯದಲ್ಲಿಯೂ ಈ ಕಾಯಿಲೆಯ ಪರೀಕ್ಷೆಗೆ ಏರ್ಪಾಡಾಯಿತು.

ಆದರೆ ಗುರುತಿಸುವದೇ ಗುಣಪಡಿಸುವದಲ್ಲ. ಈ ವೈರಸ್ಸನ್ನು ನೇರವಾಗಿ ಕೊಲ್ಲುವ ಔಷಧವಿಲ್ಲ, ಶುಶ್ರೂಷೆಯೇ ಚಿಕಿತ್ಸೆ. ರೋಗ ತಗಲಿದ ನೂರರಲ್ಲಿ ಮೂರರಿಂದ ಐದು ಜನರು ಸಾಯುವರೆಂದು ಎಣಿಕೆಯಿದೆ. ಕೋಳಿಯ ಭ್ರೂಣದ ಕೋಶಗಳಲ್ಲಿ ಕ್ಯಾಸನೂರಿನದೇ ವೈರಸ್ಸನ್ನು ಬೆಳೆಯಿಸಿ ನಿರ್ಜೀವಗೊಳಿಸಿದ ಲಸಿಕೆಯು ೧೯೯೦ರಿಂದ ಬಳಕೆಯಲ್ಲಿತ್ತು. ಅದರ ಶಕ್ತಿಯು ಕುಂದಿದ್ದು ಕಂಡುಬಂದದ್ದರಿಂದ ೨೦೨೨ರಲ್ಲಿ ಅದನ್ನು ನಿಲ್ಲಿಸಿ ಹೊಸದೊಂದರ ಶೋಧಕ್ಕೆ ತೊಡಗಲಾಯಿತು. ಶರಾವತಿಯ ಮೇಲ್ದಂಡೆಯ ಸಾಗರ ತಾಲೂಕಿನ ಅರಳಗೋಡಿನಲ್ಲಿ ೨೦೧೯ರ ಆರಂಭದಲ್ಲಿ ಸಂಭವಿಸಿದ ಸಾವುಗಳನ್ನು ಕೆಳದಂಡೆಯ ಹೊನ್ನಾವರದವರು ಮರೆತಿಲ್ಲ. ಇಂಥ ಸ್ಥಿತಿಯಲ್ಲಿ ಬೇಗನೆ ದೊರೆತ ಸರಿಯಾದ ಹೆಸರೇ ರೋಗಿಗೆ ಮೊದಲಿನ ಉಪಕಾರ. ಹೆಸರು ತಿಳಿದರೆ ರಕ್ತಸ್ರಾವವನ್ನು ಮೊದಲೇ ನಿರೀಕ್ಷಿಸಿ ಎಚ್ಚರದಿಂದಿರಬಹುದು. ನೆರೆಮನೆಯವರು ಆ ಕಾಡಿಗೆ ಹೋಗುವದನ್ನು ತಡೆಯಬಹುದು. ಹೋಗಲೇಬೇಕಾದವರಿಗೆ ಉಣುಗು ತಡೆಯುವ ತೈಲವನ್ನು ಹಂಚಬಹುದು.

ಬೇರಿಂಗನಿಂದ ಮಿಲ್‌ಸ್ಟೀನನ ವರೆಗೆ ವಿದ್ವಾಂಸರು ಸಾಕ್ಷಿಯನ್ನು ಶುದ್ಧಗೊಳಿಸಿದರು. ಮನ್ರೋ ಮತ್ತು ಪೆಲ್‌ಹ್ಯಾಮರು ಮುದ್ರೆಯನ್ನು ಶುದ್ಧಗೊಳಿಸಿದರು. ಆದರೆ ಆ ಸಾಕ್ಷಿಯು ಕರೆಯದೆ ಬಂದು ನುಡಿಯುವದಿಲ್ಲ. ಕಾ‌ಡಿನಲ್ಲಿ ಸತ್ತು ಬಿದ್ದ ಮಂಗವೇ ಈ ವ್ಯಾಧಿಯ ಮೊದಲಿನ ಅಭಿಜ್ಞಾನ; ಅದರ ಮೈಯಿಂದ ಉದುರಿದ ಉಣುಗುಗಳು ಆ ನೆಲದಲ್ಲಿಯೇ ಕಾದಿರುವವು. ಅದನ್ನು ಕಂಡ ದನಗಾಹಿಯು ಮುಟ್ಟದೆ ಬಂದು ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ, ಜ್ವರ ಬಂದವನು ನಾಲ್ಕು ದಿನ ಮನೆಯಲ್ಲಿಯೇ ಕಾಯದೆ ರಕ್ತವನ್ನು ಕೊಟ್ಟರೆ, ಮಿಕ್ಕ ಕೆಲಸವನ್ನು ಪ್ರಯೋಗಶಾಲೆಯು ಮಾಡಬಲ್ಲದು. ೧೯೫೭ರಲ್ಲಿ ಸೊರಬದ ಹಳ್ಳಿಗಳಲ್ಲಿ ಜನರು ಹೆಸರಿಲ್ಲದ ಜ್ವರದಿಂದ ಸತ್ತರು. ಹೆಸರು ತಿಳಿದಿರುವ ಈ ಕಾಲದಲ್ಲಿ ಕುಮಟೆಯ ಬೆಟ್ಟದಲ್ಲಾಗಲಿ ಹೊನ್ನಾವರದ ಕಾಡಂಚಿನಲ್ಲಾಗಲಿ ಯಾರೂ ಕೇಳದ ತಪ್ಪಿಗೆ ಒಬ್ಬನು ಹಾಗೆ ಸತ್ತರೆ, ಅದು ಉಂಗುರವು ಕೈಯಲ್ಲಿದ್ದೂ ತೋರಿಸದೆ ಉಳಿದಂತೆ.